ಶ್ರೀರಂಗಪಟ್ಟಣದ ದೊಡ್ಡ ಸ್ವಾಮಿಯವರು

ಮದ್ದೂರು, ಮಂಡ್ಯ, ಮಳವಳ್ಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನಾಲೆಯ ನೀರು, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಇನ್ನೂರು ವರ್ಷಗಳ ಹಿಂದೆ ಈ ಸೀಮೆಯ ಚಿತ್ರ ಬೇರೆಯೇ ಆಗಿತ್ತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸನ ಸೇನೆಗೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನನೂ ಮಡಿದನು. ಮರುವರ್ಷ ಮದ್ದೂರು ಮಂಡ್ಯಗಳ ಮಾರ್ಗವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಯುದ್ಧಗಳಿಂದ ಜರ್ಜರಿತವಾದ ಊರುಗಳನ್ನು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಹೇಳುತ್ತಿದ್ದ ಶ್ರೀರಂಗಪಟ್ಟಣದ ದ್ವೀಪದಲ್ಲಿ ಆಗ ಉಳಿದಿದ್ದವರನ್ನು ಆತನು ಸುಮಾರು 32,000 ಎಂದು ಅಂದಾಜು ಮಾಡಿದನು. ರಾಜಧಾನಿ ಮೈಸೂರಿಗೆ ಹೋಗಿತ್ತು. ದ್ವೀಪದಲ್ಲಿ ಉಳಿದದ್ದು ಪಾಳುಬಿದ್ದ ಅರಮನೆ, ಕಂಪನಿಯ ದಂಡು, ಬಿಡದೆ ಕಾಡುವ ಜ್ವರ.

ಇಂತಹ ಸ್ಥಳಕ್ಕೆ ಬಂದು ನೆಲೆಸಿದವರು ಜ್ಯಾನ್ ಆಂಟ್ವಾನ್ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಚರಿತ್ರೆಯ ಓದುಗರಿಗೆಲ್ಲ ಪರಿಚಿತರಾದ ಅಬ್ಬೆ ದುಬಾಯ್. ದಕ್ಷಿಣ ಫ್ರಾನ್ಸಿನ ಅರ್ದೆಷ್ ಪ್ರಾಂತದ ಸಂತ ರೆಮೆಜ್ ಎಂಬ ಗ್ರಾಮ ಅವರ ಹುಟ್ಟೂರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಪರವಾಗಿ ಹಡಗು ಹತ್ತಿದರು. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಜ್ವಾಲೆ ಧಗಧಗಿಸುತ್ತಿದ್ದ ಕಾಲವದು. ಪಾದ್ರಿಗಳ ತಲೆ ಉಳಿಯುವುದೇ ದುಸ್ತರವಾಗಿತ್ತು. ತಾಯ್ನಾಡಿನಲ್ಲಿ ಉಳಿದಿದ್ದರೆ ತಾವೂ ಅದಕ್ಕೆ ಆಹುತಿಯಾಗುತ್ತಿದ್ದೆವೆಂಬುದು ಅವರ ನಂಬಿಕೆ. ಪುದುಚೇರಿಗೆ ಬಂದಿಳಿದು, ತಮಿಳು ಸೀಮೆಯಲ್ಲಿ ಕೆಲವು ವರ್ಷ ದುಡಿದರು. ಶ್ರೀರಂಗಪಟ್ಟಣದ ಪತನಾನಂತರ, ಅಲ್ಲಿನ ಆಡಳಿತ ಹೊತ್ತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಒತ್ತಾಸೆಯಿಂದ ಮೈಸೂರು ಸೀಮೆಗೆ ಬಂದರು. ಇದೇ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ನಿನ ಡ್ಯೂಕನಾಗಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನು. ಫ್ರೆಂಚರನ್ನು ಹಗಲಿರುಳೂ ಶಂಕಿಸುತ್ತಿದ್ದ ಇಂಗ್ಲಿಷರು ಫ್ರೆಂಚ್ ಪಾದ್ರಿಯೊಬ್ಬನನ್ನು ತಮ್ಮ ಠಾಣ್ಯಕ್ಕೆ ಬರಮಾಡಿಕೊಂಡದ್ದು ಆ ಮನುಷ್ಯನ ನಡತೆಗೆ ಸಂದ ಮನ್ನಣೆಯೇ ಸರಿ.

ಅವರಿಗೆ ಒದಗಿದ್ದ ಕಾರ್ಯ ಹಗುರವಾದದ್ದಲ್ಲ. ಮೈಸೂರು ಸೀಮೆಯ ಕ್ರೈಸ್ತ ಸಭೆ ಹೊಸದಾಗಿರಲಿಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿಯೇ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಅದಕ್ಕೆ ಬುನಾದಿ ಹಾಕಿದ್ದನು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಮಾಡಿದಾಗ ಆ ಹಳ್ಳಿಗಳ ಭಕ್ತರು ಗುರುಗಳಿಲ್ಲದ ಮಂದೆಯಾದರು. ಅದರ ಮೇಲೆ 1784ರ ಆಪತ್ತು ಬಂದಿತು: ಟಿಪ್ಪುವಿನ ಆಜ್ಞೆಯಿಂದ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಸಾಗಿಸಿ, ಅನೇಕರನ್ನು ಬಲಾತ್ಕಾರವಾಗಿ ಇಸ್ಲಾಮಿಗೆ ಸೇರಿಸಲಾಯಿತು. ಸೆರೆಯಾದವರ ಸಂಖ್ಯೆಯನ್ನು ದುಬಾಯ್ 60,000 ಎಂದು ಬರೆದಿದ್ದಾರೆ. ಇತಿಹಾಸಕಾರರಲ್ಲಿ ಇದರ ಬಗೆಗೆ ಏಕಾಭಿಪ್ರಾಯವಿಲ್ಲ. ಸಂಖ್ಯೆ ಎಷ್ಟೇ ಇರಲಿ, ಹದಿನೈದು ವರ್ಷ ಬೇರೊಂದು ಹೆಸರಿನಲ್ಲಿ, ಬೇರೊಂದು ವಿಧಿಯಲ್ಲಿ ಬದುಕಿದವರು ಈಗ ಹಿಂದಿರುಗಲು ಹಾತೊರೆಯುತ್ತಿದ್ದರು. ಅವರನ್ನು ಮತ್ತೆ ಸಭೆಗೆ ಬರಮಾಡಿಕೊಳ್ಳುವುದು, ಮರೆತ ಜಪಗಳನ್ನು ನಾಲಗೆಗೆ ತರುವುದು, ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವುದು, ಅವರ ಹೊಟ್ಟೆಗೆ ನೆಲವೊಂದನ್ನು ಒದಗಿಸುವುದು, ಇವೆಲ್ಲ ಒಬ್ಬನೇ ಗುರುವಿನ ಹೆಗಲಿಗೆ ಬಿದ್ದವು. ಬೇಸಾಯದ ವಸತಿಗಳನ್ನು ಅವರು ಸ್ಥಾಪಿಸಿದ್ದು ಈ ಕಾರಣದಿಂದಲೇ. ಹಸಿದವನಿಗೆ ಜಪಸರವೊಂದನ್ನೇ ಕೊಟ್ಟು ಕಳುಹಿಸುವ ಗುರು ಅವರಲ್ಲ.

ಬದುಕಿನ ರೀತಿಯಲ್ಲಿ ಅವರು ಈ ದೇಶದವರೇ ಆಗಿಬಿಟ್ಟರು. ತಲೆಗೆ ರುಮಾಲು, ಮೈಗೆ ನಿಲುವಂಗಿ, ಕೈಯಲ್ಲಿ ಕೋಲು, ಊಟದಲ್ಲಿ ಮಾಂಸವಿಲ್ಲ. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ವಿಷಯವಾಗಿ ಬರೆದದ್ದರಲ್ಲಿ ಒಂದು ಸಂಗತಿ ಮನಸ್ಸಿನಲ್ಲಿ ನಿಲ್ಲುತ್ತದೆ: ಅವರು ಸಂಚಾರದಲ್ಲಿ ಯಾವುದಾದರೂ ಊರಿಗೆ ಸಮೀಪಿಸಿದರೆ, ಸರ್ಕಾರದ ಹುಕುಂ ಇಲ್ಲದೆಯೇ ಅಲ್ಲಿನ ಬ್ರಾಹ್ಮಣರ ಮನೆಯೊಂದನ್ನು ಅವರ ಬಿಡಾರಕ್ಕೆಂದು ತೆರವು ಮಾಡಿಕೊಡುತ್ತಿದ್ದರಂತೆ.

ಸಿಡುಬಿನ ವಿಷಯವನ್ನೂ ಇಲ್ಲಿ ಹೇಳಬೇಕು. ಜೆನ್ನರನ ಲಸಿಕೆ ಭಾರತಕ್ಕೆ ಮುಟ್ಟಿದ್ದು 1802ರಲ್ಲಿ. ಮಾರಿಯ ಮುನಿಸೆಂದು ಸಿಡುಬಿಗೆ ಕೈಮುಗಿಯುತ್ತಿದ್ದ ಹಳ್ಳಿಗಳಲ್ಲಿ ದುಬಾಯ್ ಅದನ್ನು ಹಾಕಿಸಲು ಹೊರಟರು. ಲಸಿಕೆಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕಾಗಿದ್ದ ಕಾಲವದು. ಜಾತಿಯ ಕಟ್ಟು ಗಟ್ಟಿಯಾಗಿದ್ದ ಸಮಾಜದಲ್ಲಿ ಅದೆಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು. ಆದರೂ 1803-04ರ ಅವಧಿಯಲ್ಲಿ 25,000ಕ್ಕೂ ಮಿಕ್ಕಿ ಜನರಿಗೆ ಲಸಿಕೆ ಹಾಕಿದ ಲೆಕ್ಕವಿದೆ.

ಅವರ ಹೆಸರನ್ನು ಲೋಕದಲ್ಲಿ ಉಳಿಸಿದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ದೊಡ್ಡ ಗ್ರಂಥ. 1806ರಲ್ಲಿ ಹಸ್ತಪ್ರತಿ ವಿಲ್ಕ್ಸನ ಕೈಸೇರಿತು. ಮರುವರ್ಷ ಮದರಾಸಿನ ಸರ್ಕಾರ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ತಿದ್ದಿದ ಫ್ರೆಂಚ್ ಪ್ರತಿ 1825ರಲ್ಲಿ ಹೊರಬಂದಿತು. ಗ್ರಂಥದ ಬಹುಭಾಗ ದುಬಾಯ್ ಅವರ ಸ್ವಂತದ್ದಲ್ಲವೆಂದೂ, ಅವರಿಗಿಂತ ಹಿಂದಿನ ಕೇರ್ದೂ ಎಂಬ ಯೇಸುಸಭೆಯ ಪಂಡಿತನ ಬರಹವನ್ನು ಹೆಸರು ಹೇಳದೆ ಬಳಸಿಕೊಂಡರೆಂದೂ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೋರಿಸಿಕೊಟ್ಟರು. ಇದು ಸಣ್ಣ ಕಳಂಕವಲ್ಲ. ಹಿಂದೂ ಸಮಾಜದ ವಿಷಯವಾಗಿ ಅದರಲ್ಲಿರುವ ಕಟುವಾದ ಮಾತುಗಳಂತೂ ಇಂದಿನ ಓದುಗನನ್ನು ಕೆಣಕದೆ ಇರವು.

ಆದರೆ ದುಬಾಯ್ ಅವರ ಅಂತರಂಗವನ್ನು ಕಾಣಬೇಕಾದರೆ ತೆರೆಯಬೇಕಾದ್ದು ಆ ಗ್ರಂಥವನ್ನಲ್ಲ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಬರೆದು 1823ರಲ್ಲಿ ಪ್ರಕಟಿಸಿದ ಪತ್ರಗಳನ್ನು. ಅಲ್ಲಿನ ದುಬಾಯ್ ದಣಿದ ಮನುಷ್ಯ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀ ಗುರುವಿನ ನೆರವಿನೊಡನೆ, ತಾವು ಹೊಸದಾಗಿ ಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿ ಬಹುಪಾಲು ಬಂದದ್ದು ಬಡತನದಿಂದ, ಇಲ್ಲವೆ ಬೇರೆ ಲಾಭದ ಆಸೆಯಿಂದಲೆಂದೂ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಆಗಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ನಿಜವಾಗಿ ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂಬುದು ಅವರ ತೀರ್ಮಾನ. ಯೇಸುಸಭೆಯವರು ದೇಶದ ಆಚಾರಗಳೊಡನೆ ಮಾಡಿಕೊಂಡಿದ್ದ ಹೊಂದಾಣಿಕೆಯನ್ನು 1744ರಲ್ಲಿ ರೋಮಿನ ಶಾಸನ ನಿಷೇಧಿಸಿದಂದೇ ಕೆಲಸ ಕೆಟ್ಟಿತೆಂದು ಅವರು ಭಾವಿಸಿದ್ದರು.

ಬೈಬಲನ್ನು ದೇಶಭಾಷೆಗಳಿಗೆ ತಿರುಗಿಸಿ ಹಂಚುವ ಉತ್ಸಾಹ ಪ್ರಾಟೆಸ್ಟಂಟರಲ್ಲಿ ಆಗ ತುಂಬಿ ತುಳುಕುತ್ತಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕನ್ನಡ ಭಾಷಾಂತರಕ್ಕೆ ಕೈಹಾಕಿದ್ದನು. ದುಬಾಯ್ ಇದನ್ನು ಮೆಚ್ಚಲಿಲ್ಲ. ಈ ದೇಶದ ವಿದ್ವಾಂಸನ ಮನಸ್ಸನ್ನು ಸೆಳೆಯಬೇಕಾದರೆ ಸತ್ಯವೇದವು ಇಲ್ಲಿನ ಕಾವ್ಯಗಳಿಗೆ ಸಮನಾದ ಪದ್ಯಶೈಲಿಯಲ್ಲಿ, ವಾಗ್ವೈಭವದಲ್ಲಿ ಬರಬೇಕು. ಒಡ್ಡೊಡ್ಡಾದ ಭಾಷಾಂತರ ನಗೆಪಾಟಲಿಗಷ್ಟೇ ಕಾರಣವೆಂಬುದು ಅವರ ವಾದ. ಪಂಪ, ಕುಮಾರವ್ಯಾಸರ ನಾಡಿನಲ್ಲಿ ಈ ಮಾತನ್ನು ತಳ್ಳಿಹಾಕುವುದು ಕಷ್ಟ. ಆದರೆ ಗಮಕಿಗಳ ಬಾಯಲ್ಲಿ ಭಾರತವನ್ನು ಕೇಳಿ ಅರ್ಥಮಾಡಿಕೊಂಡ ರೈತನೂ ಈ ನಾಡಿನವನೇ; ಅವನನ್ನು ಅವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಆ ಪತ್ರಗಳಲ್ಲಿಯೇ ಅವರು ತಮಗೊದಗಿದ ಅನುಭವವೊಂದನ್ನು ಹೇಳಿಕೊಂಡಿದ್ದಾರೆ. ಒಂದು ದಿನ ಸಭೆಗೆ ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ವಿವರಿಸುತ್ತಿದ್ದರು. ಆಸ್ತಿಯನ್ನು ಹಾಳುಮಾಡಿ ಹಂದಿ ಕಾಯುವ ಗತಿಗೆ ಬಂದ ಮಗ ಹಿಂದಿರುಗಿದಾಗ, ತಂದೆ ಓಡಿಹೋಗಿ ತಬ್ಬಿಕೊಂಡು, ಕೊಬ್ಬಿಸಿದ ಕರುವನ್ನು ಕಡಿಸಿ ಔತಣ ಮಾಡಿಸಿದ ಕಥೆ. ಪ್ರಸಂಗ ಮುಗಿದ ಮೇಲೆ ಭಕ್ತರಲ್ಲಿ ಕೆಲವರು ಅವರ ಬಳಿಗೆ ಬಂದು, ಕರುವಿನ ಮಾತನ್ನೆತ್ತಿದ್ದು ಉಚಿತವಾಗಲಿಲ್ಲವೆಂದು ಅರಿಕೆ ಮಾಡಿಕೊಂಡರು. ಅನ್ಯಮತದವರು ಯಾರಾದರೂ ಕೇಳಿದ್ದರೆ ಕ್ರೈಸ್ತರೆಲ್ಲ ಗೋಮಾಂಸ ತಿನ್ನುವ ಹೊಲೆಯರೆಂಬ ಅವರ ತಾತ್ಸಾರ ಇನ್ನೂ ಗಟ್ಟಿಯಾಗುತ್ತಿತ್ತಲ್ಲವೇ? ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಬೇಕೆಂದು ಸಲಹೆಯನ್ನೂ ಕೊಟ್ಟರು.

ದುಬಾಯ್ ಇದನ್ನು ತಮ್ಮ ನಿರಾಶೆಗೆ ಒಂದು ಸಾಕ್ಷಿಯಾಗಿ ಬರೆದರು. ಸ್ವಂತ ಸಭೆಗೇ ಸತ್ಯವೇದ ಹೀಗೆ ಎಡರಾದರೆ, ಟಿಪ್ಪಣಿಯಿಲ್ಲದ ಪುಸ್ತಕವನ್ನು ಅನ್ಯರ ಕೈಗೆ ಕೊಟ್ಟು ಫಲವೇನು ಎಂಬುದು ಅವರ ಪ್ರಶ್ನೆ. ನನಗಾದರೋ ಅದೇ ಪ್ರಸಂಗ ಬೇರೆಯದನ್ನು ಹೇಳುತ್ತದೆ. ಆ ಭಕ್ತರ ಮಾತಿನಲ್ಲಿ ಜಾತಿಯ ಅಂಜಿಕೆ ಇತ್ತೆಂಬುದು ನಿಜ. ಅದನ್ನು ಹೊಗಳುವ ಹಾಗಿಲ್ಲ. ಆದರೆ ಅವರು ಕೇಳಿದ ಕಥೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋಗಲಿಲ್ಲ. ಕಥೆಯ ತಿರುಳು ತಂದೆಯ ಕರುಣೆಯೆಂಬುದನ್ನೂ, ಕರುವಾಗಲಿ ಕುರಿಮರಿಯಾಗಲಿ ಅದರ ಸಿಪ್ಪೆಯೆಂಬುದನ್ನೂ ಬೇರ್ಪಡಿಸಿ ನೋಡಿದರು. ತಮ್ಮ ನೆರೆಹೊರೆಯವರ ಕಿವಿಗೆ ಅದು ಹೇಗೆ ಬೀಳುವುದೆಂದು ಯೋಚಿಸಿದರು. ಶಾಸ್ತ್ರಾಭ್ಯಾಸವೆಂದರೆ ಇದಲ್ಲವೇ? ತಪ್ಪಿಹೋದವನನ್ನು ಮರಳಿ ಬರಮಾಡಿಕೊಳ್ಳುವ ಆ ಕಥೆ, ಶ್ರೀರಂಗಪಟ್ಟಣದಲ್ಲಿ ಹದಿನೈದು ವರ್ಷಗಳ ನಂತರ ಹಿಂದಿರುಗಿದವರಿಗಂತೂ ಬರಿಯ ಕಥೆಯಾಗಿ ಉಳಿಯುವಂತಿರಲಿಲ್ಲ. ದುಬಾಯ್ ಎಣಿಸಿದ್ದು ಹೊಸಬರ ತಲೆಗಳನ್ನು. ಹಳಬರ ಮನೆಗಳಲ್ಲಿ ಸಂಜೆಯ ದೀಪದ ಮುಂದೆ ನಡೆಯುವ ಜಪ ಅವರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗಲಿಲ್ಲ. ಆಕಳಿನಿಂದ ಬಂದ ಲಸಿಕೆಗೆ ತೋಳೊಡ್ಡಿಸುವಾಗ ಜನರನ್ನು ಒಲಿಸಲು ಅವರಿಗಿದ್ದ ತಾಳ್ಮೆ, ಈ ಕರುವಿನ ವಿಷಯದಲ್ಲಿ ಏಕೋ ಸೋತುಹೋಯಿತು.

ಪತ್ರಗಳಿಗೆ ಮರುವರ್ಷವೇ ಖಂಡನೆಗಳು ಬಂದವು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಇಬ್ಬರೂ ಪುಸ್ತಕಗಳನ್ನೇ ಬರೆದು ಎದುರುತ್ತರ ಕೊಟ್ಟರು. ದುಬಾಯ್ ಅಷ್ಟರಲ್ಲಿ ಭಾರತವನ್ನು ಬಿಟ್ಟಿದ್ದರು. 1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿವೇತನದೊಡನೆ ಹಡಗು ಹತ್ತಿದ ಅವರು ಮತ್ತೆ ಇತ್ತ ಮುಖ ಮಾಡಲಿಲ್ಲ. ಸಂಪೂರ್ಣ ಕನ್ನಡ ಬೈಬಲು 1831ರಲ್ಲಿ ಹೊರಬಂದಾಗ ಅವರು ಪ್ಯಾರಿಸಿನಲ್ಲಿದ್ದರು.

ಭಾರತದ ನೆನಪು ಅವರನ್ನು ಬಿಡಲಿಲ್ಲ. ಹೋದ ಕೆಲವು ವರ್ಷಗಳಲ್ಲಿಯೇ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ತಮ್ಮ ಸಂಘದ ಗುರುಮಠದಲ್ಲಿ ನೆಲೆಸಿ, 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ಪೂರ್ವದೇಶಗಳಿಗೆ ಹೊರಡುವ ತರುಣ ಪಾದ್ರಿಗಳು ತಯಾರಾಗುತ್ತಿದ್ದುದು ಆ ಮನೆಯಲ್ಲಿಯೇ. ಅಸಾಧ್ಯವೆಂದು ತಾವೇ ಬರೆದ ಕೆಲಸಕ್ಕೆ ವರ್ಷ ವರ್ಷವೂ ಹುಡುಗರನ್ನು ಹರಸಿ ಕಳುಹಿಸಿದ ಮುದುಕನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬಲ್ಲವರಾರು? ಆ ಸಂಘದ ಗುರುಗಳೇ ಮುಂದೆಯೂ ಮೈಸೂರು ಸೀಮೆಯ ಸಭೆಯನ್ನು ನೋಡಿಕೊಂಡರು. 1850ರಲ್ಲಿ ಅದಕ್ಕೆ ಶಾರ್ಬೊನೋ ಎಂಬ ತನ್ನದೇ ಆದ ಧರ್ಮಾಧ್ಯಕ್ಷನೂ ದೊರೆತನು. ಅದನ್ನು ಕಾಣಲು ದುಬಾಯ್ ಇರಲಿಲ್ಲ. 1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ಒಂದು ವಾರದೊಳಗೆ ಆ ನಗರದ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು. ದೂರದ ಕಾವೇರಿಯ ದಡದಲ್ಲಿ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದವರು ಆಗ ಇನ್ನೂ ಕೆಲವರಾದರೂ ಬದುಕಿದ್ದಿರಬೇಕು. ಕನ್ನಡ ಬೈಬಲಿನ ಆ ಸಾಮತಿಯಲ್ಲಿ ಇಂದಿಗೂ ಇರುವುದು ಕರುವೇ; ಕುರಿಮರಿಯಲ್ಲ.