ರಾಮಾನುಜರ ಶೋಕ, ಸಾಲಿಗ್ರಾಮದ ಶಿಷ್ಯ

ಪರಂಪರೆ 1017ರಿಂದ 1137ರವರೆಗೆ ಬಾಳಿದರೆಂದು ಎಣಿಸುವ ರಾಮಾನುಜಾಚಾರ್ಯರನ್ನು ನಾಡು ತತ್ತ್ವಜ್ಞರಾಗಿ ಬಲ್ಲದು. ಮಠದ ಬಾಳಿನಲ್ಲಿ ಅವರು ಹೊತ್ತ ಮನೋಭಾರದ ಅಧ್ಯಾಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಗುರುಪರಂಪರೆಯ ಕಥನಗಳಂತೆ, ಚೋಳ ಅರಸನಿಂದ ಕರೆ ಬಂದಾಗ ಶಿಷ್ಯ ಕೂರೇಶರು ಗುರುವಿನ ಕಾಷಾಯವನ್ನುಟ್ಟು ಹೊರಟರು. ವಯೋವೃದ್ಧ ಮಹಾಪೂರ್ಣರೂ ಜೊತೆಗೂಡಿದರು. ರಾಮಾನುಜರು ಬಿಳಿ ಬಟ್ಟೆಯುಟ್ಟು ಶ್ರೀರಂಗ ತೊರೆದು ಕನ್ನಡ ನಾಡಿಗೆ ಬಂದರು. ಕೃಷ್ಣರಾಜನಗರ ಸೀಮೆಯ ಸಾಲಿಗ್ರಾಮದಲ್ಲಿ ದೊರೆತವರೇ ವಡುಗನಂಬಿ. ಮುಂದೆ ದೇವರ ಉತ್ಸವ ಬಾಗಿಲಿಗೆ ಬಂದರೂ, ಗುರುವಿಗೆ ಕಾಯಿಸುತ್ತಿದ್ದ ಹಾಲನ್ನು ಬಿಟ್ಟೇಳದ ಶಿಷ್ಯ ಇವರು.

ಮೇಲುಕೋಟೆಯಲ್ಲಿದ್ದಾಗ ಸುದ್ದಿ ತಲುಪಿತು: ಇಬ್ಬರೂ ಕಣ್ಣು ಕಳೆದುಕೊಂಡಿದ್ದರು, ಮಹಾಪೂರ್ಣರು ಅಸುನೀಗಿದ್ದರು. ಯತಿ ಅಳಬಾರದೆಂಬ ಬಿಂಕ ಕಥನಕಾರರಿಗಿಲ್ಲ. ರಾಮಾನುಜರು ಕಂಬನಿಗರೆದರೆಂದೇ ಹೇಳುತ್ತಾರೆ. ಇದಕ್ಕೆ ಇಂದಿನ ವೈದ್ಯರ ಖಿನ್ನತೆಯೆಂಬ ಹೆಸರಿಡುವುದು ಅವಸರವಾದೀತು. ಆದರೆ ತನ್ನಿಂದಾಗಿ ಇತರರು ನೊಂದರೆಂಬ ಅಪರಾಧಪ್ರಜ್ಞೆಗೂ ಖಿನ್ನತೆಗೂ ಹತ್ತಿರದ ನಂಟು. ಆ ಭಾರವನ್ನು ಅವರು ಶಿಷ್ಯರಿಂದ ಮುಚ್ಚಿಡಲಿಲ್ಲ. ಕೂರೇಶರ ಯೋಗಕ್ಷೇಮ ತಿಳಿದುಬರಲು ಒಬ್ಬರನ್ನು ಅಟ್ಟಿದರು.

ಅರಸ ಗತಿಸಿದ ಬಳಿಕ ಶ್ರೀರಂಗಕ್ಕೆ ಮರಳಿ, ಕೂರೇಶರನ್ನಪ್ಪಿ ಮತ್ತೆ ಅತ್ತರು; ಹೊಣೆ ತಮ್ಮದೆಂದರು. ಕೂರೇಶರು ಒಪ್ಪಲಿಲ್ಲ. ಎಂದೋ ಒಬ್ಬ ಭಕ್ತನ ನಾಮ ಸೊಟ್ಟಗಿದೆಯೆಂದು ತಾವು ಎಣಿಸಿದ್ದರ ಫಲವಿದೆಂದು ಗುರುವಿನ ಹೊರೆಯನ್ನು ತಮ್ಮ ಮೇಲೆಳೆದುಕೊಂಡರು. ಸಂತೈಸುವ ಈ ಬಗೆ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ರಾಮಾನುಜರಿಗಂತೂ ಸಮಾಧಾನವಾಗಲಿಲ್ಲ. ದೃಷ್ಟಿ ಬೇಡಿಕೊಳ್ಳಲೆಂದು ಕೂರೇಶರನ್ನು ಕಂಚಿಯ ವರದರಾಜನ ಸನ್ನಿಧಿಗೆ ಕಳುಹಿದರೆ, ಅವರು ತಮ್ಮ ಕುರುಡಿಗೆ ಕಾರಣನಾದ ನಾಲೂರಾನನಿಗೆ ಸದ್ಗತಿ ಬೇಡಿ ಮರಳಿದರಂತೆ.