ಮನೆಯ ಹಿಂದಿನ ಶೆಡ್‌ನಲ್ಲಿ ಕಾರು ಕಟ್ಟಿದ ಕಾಲಿನ್ ಚಾಪ್‌ಮನ್

ಚನ್ನಪಟ್ಟಣದ ಆಟದ ಸಾಮಾನಿನ ಅಂಗಡಿಗಳಲ್ಲಿ ಮರದ ಪುಟ್ಟ ಕಾರುಗಳನ್ನು ಸಾಲಾಗಿ ಇಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಲೆ ಮರ ಹಗುರ. ಬೆರಳಿನಿಂದ ಒಮ್ಮೆ ತಳ್ಳಿದರೆ ಸಾಕು, ಕಾರು ಸರ್ರನೆ ಹೊರಟುಬಿಡುತ್ತದೆ. ಅಷ್ಟೇ ಬಲದಿಂದ ಅದೇ ಗಾತ್ರದ ಕಬ್ಬಿಣದ ಕಾರನ್ನು ತಳ್ಳಿದರೆ ಅದು ಅಲುಗಾಡುವುದೇ ಕಷ್ಟ. ನ್ಯೂಟನ್ನನ ಎರಡನೆಯ ನಿಯಮವನ್ನು ಪಿಯುಸಿಯಲ್ಲಿ ಎಲ್ಲರೂ ಬರೆಯುತ್ತೇವೆ. ಬಲವನ್ನು ಹೆಚ್ಚಿಸದೆ ವೇಗೋತ್ಕರ್ಷ ಹೆಚ್ಚಬೇಕಾದರೆ ದ್ರವ್ಯರಾಶಿ ಕಡಿಮೆಯಾಗಬೇಕು. ಈ ಒಂದು ಸಾಲಿನ ಮೇಲೆ ಇಡೀ ಬದುಕನ್ನು ಕಟ್ಟಿಕೊಂಡವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್.

ಪೂರ್ತಿ ಹೆಸರು ಆಂಥನಿ ಕಾಲಿನ್ ಬ್ರೂಸ್ ಚಾಪ್‌ಮನ್. ಹುಟ್ಟಿದ್ದು 1928ರ ಮೇ 19ರಂದು. ತಂದೆ ಲಂಡನ್ನಿನ ಹಾರ್ನ್ಸೆಯಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದರು, ಅಂದರೆ ಸೇತುವೆ, ಕಟ್ಟಡಗಳ ಲೆಕ್ಕಾಚಾರ. ಜೊತೆಗೆ ವಿಶ್ವವಿದ್ಯಾಲಯದ ವಾಯುದಳ ಘಟಕಕ್ಕೆ ಸೇರಿ ವಿಮಾನ ಹಾರಿಸುವುದನ್ನೂ ಕಲಿತರು. ಓದಿನಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. 1948ರಲ್ಲಿ ಪದವಿಯಿಲ್ಲದೆಯೇ ಕಾಲೇಜು ಬಿಟ್ಟರು. ಉಳಿದುಹೋಗಿದ್ದ ಗಣಿತದ ಪತ್ರಿಕೆಯನ್ನು ಮರುವರ್ಷ ಮತ್ತೆ ಬರೆದು ಪದವಿ ಪಡೆದರು. ಸಪ್ಲಿಮೆಂಟರಿ ಎಂದರೆ ಮುಖ ಬಾಡಿಸಿಕೊಳ್ಳುವ ಗೆಳೆಯರು ಇದನ್ನು ಗಮನಿಸಬಹುದು.

ಕಾಲೇಜಿನಲ್ಲಿದ್ದಾಗಲೇ ಗೆಳೆಯನೊಬ್ಬನ ಜೊತೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ಶುರುಮಾಡಿದ್ದರು. ಯುದ್ಧ ಮುಗಿದ ಹೊಸತು, ಹೊಸ ಕಾರು ಸಿಗದ ಕಾಲ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆದರೆ 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಕಾರುಗಳ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು. ಪೆಟ್ರೋಲೇ ಇಲ್ಲದ ಮೇಲೆ ಕಾರು ಯಾರಿಗೆ ಬೇಕು? ಇದ್ದ ಕಾರುಗಳನ್ನೆಲ್ಲ ನಷ್ಟಕ್ಕೆ ಮಾರಬೇಕಾಯಿತು. ಕೊನೆಗೆ ಮಾರಾಟವಾಗದೆ ಒಂದು ಕಾರು ಉಳಿಯಿತು, ಹಳೆಯ ಆಸ್ಟಿನ್ ಸೆವೆನ್.

ಆಗ ಹೇಜಲ್ ವಿಲಿಯಮ್ಸ್ ಎಂಬ ಯುವತಿಯ ಪರಿಚಯವಾಗಿತ್ತು. ಮುಂದೆ ಅವರನ್ನೇ ಚಾಪ್‌ಮನ್ ಮದುವೆಯಾದರು. ಹೇಜಲ್ ಅವರ ತಂದೆತಾಯಿಯ ಮನೆ ಮಸ್ವೆಲ್ ಹಿಲ್‌ನಲ್ಲಿತ್ತು. ಅದರ ಹಿಂದಿನ ಗ್ಯಾರೇಜಿಗೆ ಆಸ್ಟಿನ್ನನ್ನು ತಂದು ಮೇಲಿನ ಮೈಯನ್ನು ಪೂರ್ತಿ ಕಳಚಿಹಾಕಿದರು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಹಲಗೆಗಳಿಂದ ಹೊಸ ಮೈ ಕಟ್ಟಿದರು. ವಿಮಾನಗಳಲ್ಲಿ ನೋಡಿ ಕಲಿತ ಉಪಾಯ ಅದು. ಕೈಯಲ್ಲಿ ದುಡ್ಡಿರಲಿಲ್ಲ, ದೊಡ್ಡ ಯಂತ್ರಗಳೂ ಇರಲಿಲ್ಲ. ಹೇಜಲ್ ಕೂಡ ಜೊತೆಯಲ್ಲಿ ನಿಂತು ಕೆಲಸ ಮಾಡಿದರು. 1948ರಲ್ಲಿ ಆ ಕಾರು ಓಎಕ್ಸ್ 9292 ಎಂಬ ನಂಬರಿನಲ್ಲಿ ರಸ್ತೆಗಿಳಿಯಿತು. ಅದಕ್ಕೆ ಲೋಟಸ್, ಎಂದರೆ ತಾವರೆ, ಎಂದು ಹೆಸರಿಟ್ಟರು. ಏಕೆ ಆ ಹೆಸರು ಎಂಬುದನ್ನು ಕೊನೆಯವರೆಗೂ ಬಹಿರಂಗವಾಗಿ ಹೇಳಲಿಲ್ಲ.

1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಎಂಜಿನಿಯರಿಂಗ್ ಕಂಪನಿ ಶುರುವಾಯಿತು. ಜಾಗ ತಂದೆಯ ಹೋಟೆಲಿನ ಹಿಂದಿನ ಕುದುರೆ ಲಾಯ. ಇಲ್ಲಿ ಹುಟ್ಟಿದ ಮಾರ್ಕ್ ಸಿಕ್ಸ್ ಕಾರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮಲ್ಲಿ ಎಷ್ಟೋ ಮಂದಿಯ ಅಬ್ಬಾ, ಮಾಮು, ಅಣ್ಣಂದಿರು ವೆಲ್ಡಿಂಗ್ ಶಾಪ್, ಗ್ಯಾರೇಜ್ ನಡೆಸುತ್ತಿದ್ದೀರಿ ಎಂದು ಗೊತ್ತು. ಅವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಸಾಮಾನ್ಯವಾಗಿ ಆಗಿನ ಕಾರಿನ ಚಾಸಿಸ್ ಎಂದರೆ ಏಣಿಯ ಹಾಗೆ ಎರಡು ದಪ್ಪ ಉಕ್ಕಿನ ಪಟ್ಟಿ, ನಡುವೆ ಅಡ್ಡಪಟ್ಟಿಗಳು. ಗಟ್ಟಿ ನಿಜ, ಆದರೆ ಬಹಳ ಭಾರ. ಚಾಪ್‌ಮನ್ ಓದಿದ್ದು ಸೇತುವೆಯ ಲೆಕ್ಕ. ನಾಲ್ಕು ಕಡ್ಡಿಗಳನ್ನು ಮೊಳೆ ಹೊಡೆದು ಚೌಕ ಮಾಡಿ ಮೂಲೆ ಹಿಡಿದು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ, ಕಡ್ಡಿ ಮುರಿಯುವವರೆಗೂ ಆಕಾರ ಬಿಡುವುದಿಲ್ಲ. ರೈಲ್ವೆ ಸೇತುವೆಗಳಲ್ಲಿ ತ್ರಿಕೋನಗಳು ಕಾಣುವುದು ಇದಕ್ಕೇ. ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದರೆ ಪ್ರತಿ ಕೊಳವೆಯೂ ಉದ್ದಕ್ಕೆ ಎಳೆತವನ್ನೋ ಒತ್ತಡವನ್ನೋ ಮಾತ್ರ ತಾಳಿಕೊಂಡರೆ ಸಾಕು, ಬಾಗುವ ಪ್ರಶ್ನೆ ಹೆಚ್ಚು ಬರುವುದಿಲ್ಲ. ಹಾಗೆ ಮಾಡಿದ ಮಾರ್ಕ್ ಸಿಕ್ಸ್‌ನ ಬೋಳು ಚೌಕಟ್ಟಿನ ತೂಕ ಸುಮಾರು 25 ಕೆ.ಜಿ. ಒಂದು ಅಕ್ಕಿ ಚೀಲದಷ್ಟು! ಇಬ್ಬರು ಹುಡುಗರು ಎತ್ತಿಕೊಂಡು ಹೋಗಬಹುದು.

ಇದನ್ನು ಅವರು ಬಿಡಿಭಾಗಗಳ ಕಿಟ್ ಆಗಿ ಮಾರಿದರು. ಹಳೆಯ ಫೋರ್ಡ್ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ತಂದು ಮನೆಯ ಗ್ಯಾರೇಜಿನಲ್ಲೇ ಜೋಡಿಸಿಕೊಳ್ಳಬಹುದಿತ್ತು. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ದಾರಿಯನ್ನು ಇನ್ನೂ ಮುಂದೆ ಒಯ್ದಿತು. ಕಾಮರ್ಸ್ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವಿದೆ. ಬ್ರಿಟನ್ನಿನಲ್ಲಿ ಆಗ ಪೂರ್ತಿ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಪೂರ್ತಿ ಜೋಡಿಸಿದ ಸೆವೆನ್‌ಗೆ 1,036 ಪೌಂಡ್, ಕಿಟ್‌ಗೆ 536 ಪೌಂಡ್! ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ರಿಯಾಯಿತಿ ಸಿಗುವುದಿಲ್ಲವೆಂದು, ಕಾರನ್ನು ಬಿಚ್ಚುವುದು ಹೇಗೆ ಎಂಬ ಪುಸ್ತಕ ಕೊಟ್ಟರಂತೆ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಂತೆ. ಇದು ಕಾರು ಪ್ರಿಯರು ಹೇಳುತ್ತಾ ಬಂದಿರುವ ಕಥೆ. ಎಂಜಿನ್ ಬರೀ 1,172 ಸಿಸಿ, ಸುಮಾರು 40 ಅಶ್ವಶಕ್ತಿ. ಆದರೂ ಕಾರಿನ ತೂಕ 500 ಕೆ.ಜಿ.ಗಿಂತ ಕಡಿಮೆ ಇದ್ದುದರಿಂದ ದೊಡ್ಡ ದೊಡ್ಡ ಕಾರುಗಳು ತಿರುವಿನಲ್ಲಿ ಹಿಂದೆ ಬೀಳುತ್ತಿದ್ದವು. ಅದೇ ವರ್ಷ ತೋರಿಸಿದ ಎಲೀಟ್ ಕಾರಿನಲ್ಲಿ ಚಾಸಿಸ್ಸೇ ಇಲ್ಲ, ಫೈಬರ್‌ಗ್ಲಾಸ್ ಮೈಯೇ ಭಾರ ಹೊರುತ್ತಿತ್ತು. ಫೈಬರ್ ಮೈಯ ಕಾರು ನಮ್ಮ ಬೆಂಗಳೂರಿನಲ್ಲೂ ತಯಾರಾಯಿತು. 1982ರಲ್ಲಿ ಬಂದ ಸಿಪಾನಿ ಡಾಲ್ಫಿನ್ ಅದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನದೇ ರೂಪ. ಅದರ ಕೆಳಗೆ ಮಾತ್ರ ಬೇರೆ ಚಾಸಿಸ್ ಇತ್ತು.

ಆಮೇಲಿನದು ಫಾರ್ಮುಲಾ ಒನ್ ಚರಿತ್ರೆ. 1962ರ ಲೋಟಸ್ 25 ರೇಸ್ ಕಾರಿನಲ್ಲಿ ಕೊಳವೆಗಳನ್ನೂ ಬಿಟ್ಟು ತೆಳು ಲೋಹದ ಹಾಳೆಯ ತೊಟ್ಟಿಯಂಥ ಮೈ ಮಾಡಿದರು. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು. 1970ರ ದಶಕದ ಕೊನೆಗೆ, ಕಾರಿನ ಅಡಿಯಲ್ಲಿ ಹಾಯುವ ಗಾಳಿಯೇ ಕಾರನ್ನು ನೆಲಕ್ಕೆ ಹೀರುವಂತೆ ಮಾಡಿ ಇನ್ನೊಮ್ಮೆ ಎಲ್ಲರನ್ನೂ ಬೆರಗುಗೊಳಿಸಿದರು. ಒಟ್ಟು ಏಳು ಬಾರಿ ತಂಡದ ಪ್ರಶಸ್ತಿ ಲೋಟಸ್‌ಗೆ ಬಂತು. ಗೆದ್ದಾಗ ಚಾಪ್‌ಮನ್ ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ಎಸೆಯುತ್ತಿದ್ದರು.

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹಗುರ ಎಂಬುದಕ್ಕೆ ಎಲ್ಲಿ ಗೆರೆ ಎಳೆಯಬೇಕು ಎಂಬ ವಿಷಯದಲ್ಲಿ ಚಾಪ್‌ಮನ್ ಮೇಲೆ ಬಂದ ಆಕ್ಷೇಪಗಳು ಸಣ್ಣವಲ್ಲ. 1960ರಲ್ಲಿ ಬೆಲ್ಜಿಯಂನ ಸ್ಪಾ ಪಂದ್ಯದ ಅಭ್ಯಾಸದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಹಿಂದಿನ ಚಕ್ರ ಕಳಚಿ ಅವರ ಕಾಲುಗಳು ಮುರಿದವು. ಅದೇ ದಿನ ಮೈಕ್ ಟೇಲರ್ ಅವರ ಲೋಟಸ್‌ನ ಸ್ಟೀರಿಂಗ್ ಮುರಿಯಿತು. ಟೇಲರ್ ಕೋರ್ಟಿಗೆ ಹೋಗಿ ಕಂಪನಿಯ ವಿರುದ್ಧ ಗೆದ್ದರು. 1970ರಲ್ಲಿ ಯೋಕೆನ್ ರಿಂಟ್, ಕಾರಿನ ಭಾಗಗಳು ಮುರಿಯುತ್ತವೆಂಬ ಭಯವನ್ನು ಮೊದಲೇ ಪತ್ರದಲ್ಲಿ ತಿಳಿಸಿದ್ದರೂ, ಸೆಪ್ಟೆಂಬರ್ 5ರಂದು ಇಟಲಿಯ ಮೊನ್ಜಾದಲ್ಲಿ ಲೋಟಸ್ 72 ಓಡಿಸುತ್ತಲೇ ತೀರಿಕೊಂಡರು. ಮುಂದಿನ ಬ್ರೇಕಿನ ಶಾಫ್ಟ್ ಮುರಿದಿತ್ತು. ರಸ್ತೆ ಪಕ್ಕದ ತಡೆಬೇಲಿ ಸರಿಯಿದ್ದಿದ್ದರೆ ಬದುಕುತ್ತಿದ್ದರೇನೋ ಎಂಬುದೂ ನಿಜವೇ. ಆ ವರ್ಷದ ಚಾಂಪಿಯನ್ ಪಟ್ಟ ಸತ್ತವರ ಹೆಸರಿಗೆ ಬಂತು. ಸೇತುವೆಯ ಲೆಕ್ಕದಲ್ಲಿ ಸುರಕ್ಷತೆಗೆಂದು ಹೆಚ್ಚಿಗೆ ಬಿಡುವ ಅಂಶವೊಂದಿದೆ. ಅದನ್ನು ಓದಿ ಬಂದವರು ಅದನ್ನೇ ಕತ್ತರಿಸಿದರೆಂಬುದು ನನಗೆ ಈ ಬದುಕಿನಲ್ಲಿ ಬಹಳ ಕಾಡುವ ಸಂಗತಿ.

ಕೊನೆಯ ವರ್ಷಗಳು ಹಣದ ವಿಷಯದಲ್ಲೂ ಚೊಕ್ಕವಾಗಿರಲಿಲ್ಲ. ಬ್ರಿಟಿಷ್ ಸರ್ಕಾರದ ಹಣದಿಂದ ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ ತೆರೆದ ಡೆಲೋರಿಯನ್ ಕಂಪನಿಗೆ ಲೋಟಸ್ ಕಾರಿನ ವಿನ್ಯಾಸ ಕೆಲಸ ಮಾಡಿಕೊಟ್ಟಿತು. ಕೋಟ್ಯಂತರ ರೂಪಾಯಿ ಬೆಲೆಯ ಮೊತ್ತ ಪನಾಮಾ ಕಂಪನಿಯೊಂದರ ಮೂಲಕ ಹಾದು ಮಾಯವಾಯಿತು. ತನಿಖೆ ನಡೆಯುತ್ತಿರುವಾಗಲೇ, 1982ರ ಡಿಸೆಂಬರ್ 16ರಂದು, ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಹತ್ತು ವರ್ಷಗಳ ಬಳಿಕ ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ ಬೆಲ್‌ಫಾಸ್ಟಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಚಾಪ್‌ಮನ್ ಬದುಕಿದ್ದರೆ ಕನಿಷ್ಠ ಹತ್ತು ವರ್ಷ ಶಿಕ್ಷೆಯಾಗುತ್ತಿತ್ತು ಎಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಸೆವೆನ್ ಮಾತ್ರ ತನ್ನ ಪಾಡಿಗೆ ಉಳಿಯಿತು. 1973ರಲ್ಲಿ ಬ್ರಿಟನ್ನಿಗೆ ವ್ಯಾಟ್ ಬಂದು ಕಿಟ್‌ನ ತೆರಿಗೆ ಲಾಭ ಹೋಯಿತು. ಲೋಟಸ್ ಆ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಮಾರಿತು. ಅವರು ಅದನ್ನು ಕಿಟ್ ಆಗಿಯೂ ಮಾರುತ್ತಾ ಬಂದಿದ್ದಾರೆ. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಮೋಟಾರು ವಾಹನ ಕಾಯ್ದೆ ಸುಲಭವಾಗಿ ಬಿಡುವುದಿಲ್ಲ. ಆದರೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಾಹಾ, ಸುಪ್ರಾ ಸ್ಪರ್ಧೆಗಳಿಗೆಂದು ಇದೇ ಕೊಳವೆ, ಇದೇ ತ್ರಿಕೋನಗಳಿಂದ ತಾವೇ ಬೆಸೆದ ಕಾರುಗಳನ್ನು ಓಡಿಸುತ್ತಾರೆ.

ಮಸ್ವೆಲ್ ಹಿಲ್‌ನ ಗ್ಯಾರೇಜಿನಲ್ಲಿ ಕಟ್ಟಿದ ಆ ಮೊದಲ ಕಾರನ್ನು ಚಾಪ್‌ಮನ್ 1950ರಲ್ಲಿ ಜಾಹೀರಾತು ಕೊಟ್ಟು ಮಾರಿಬಿಟ್ಟಿದ್ದರು. 2018ರಲ್ಲಿ ಲೋಟಸ್ ಕಂಪನಿಯೂ ಅವರ ಮಗ ಕ್ಲೈವ್ ಕೂಡ ಅದನ್ನು ಹುಡುಕಿಕೊಡುವಂತೆ ಜನರನ್ನು ಕೇಳಿಕೊಂಡರು. ನಿಮ್ಮ ಹಳೆಯ ಶೆಡ್, ಕೊಟ್ಟಿಗೆಗಳಲ್ಲಿ ಒಮ್ಮೆ ನೋಡಿ ಎಂಬುದು ಅವರ ಕೋರಿಕೆಯಾಗಿತ್ತು.