ಕುಂದಗೋಳದ ಗಂಧರ್ವರು

ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ 1886ರ ಜನವರಿ 19ರಂದು ರಾಮಚಂದ್ರರಾಯರು ಜನಿಸಿದರು. ತಂದೆ ಗಣೇಶ ಸಂಶಿಯವರು ಕಾರಕೂನರು. ಲೆಕ್ಕಪತ್ರಗಳ ಆ ಮನೆಯಲ್ಲಿ ಹೆಸರಾಂತ ಗಾಯಕರ ಪರಂಪರೆಯೇನೂ ಇರಲಿಲ್ಲ.

ಆ ಕಾಲದ ಹಿಂದುಸ್ತಾನಿ ಸಂಗೀತ ಬಹುಮಟ್ಟಿಗೆ ಘರಾಣೆಗಳ ಸೊತ್ತಾಗಿತ್ತು. ಘರಾಣೆ ಎಂಬ ಮಾತಿನಲ್ಲಿಯೇ 'ಘರ', ಎಂದರೆ ಮನೆ, ಅಡಗಿದೆ. ಉಸ್ತಾದರ ಮಗ ಉಸ್ತಾದನಾಗುವುದನ್ನು ಕಂಡ ಜನರು ಗಾನವಿದ್ಯೆ ರಕ್ತದಲ್ಲಿಯೇ ಹರಿದುಬರುತ್ತದೆಂದು ನಂಬಿದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು 1869ರಲ್ಲಿ ಪ್ರಸಿದ್ಧರ ವಂಶಾವಳಿಗಳನ್ನು ಮುಂದಿರಿಸಿಕೊಂಡು ಪ್ರತಿಭೆಯ ವಿಷಯದಲ್ಲಿ ಇದನ್ನೇ ವಾದಿಸಿದ್ದನು. ಇಂದು ರಕ್ತವೆನ್ನದೆ ವಂಶವಾಹಿ ಎನ್ನುತ್ತಾರೆ. ನಂಬಿಕೆ ಮಾತ್ರ ಅಷ್ಟಾಗಿ ಬದಲಾಗಿಲ್ಲ. ವಂಶವಾಹಿಗಳಿಗೆ ಪಾತ್ರವೇ ಇಲ್ಲವೆಂದಲ್ಲ. ಆದರೆ ಉಸ್ತಾದರ ಮಗು ತೊಟ್ಟಿಲಲ್ಲಿಯೇ ತಂಬೂರಿಯ ಶ್ರುತಿಯನ್ನು ಕೇಳುತ್ತದೆ. ಹೊರಗಿನವರ ಮಗುವಿಗೆ ಆ ಮನೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಬಾಗಿಲನ್ನು ಮುಚ್ಚಿಕೊಂಡು, ಒಳಗಿದ್ದವರಿಗಷ್ಟೇ ವಿದ್ಯೆ ಒಲಿಯಿತೆನ್ನುವುದು ಎಂಥ ಲೆಕ್ಕ!

ಬಾಲಕ ರಾಮನಿಗೆ ಶಾಲೆಯ ಪಾಠ ಹತ್ತಲಿಲ್ಲ. ತಂದೆ ಅವನನ್ನು ಬಲವಂತರಾವ್ ಕೊಲ್ಹಟಕರರಲ್ಲಿ ಸಂಗೀತ ಕಲಿಯಲು ಬಿಟ್ಟರು. ಅವರು ತೀರಿಕೊಂಡ ತರುವಾಯ ಅವನು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯನಾದನು. ಖಾನಸಾಹೇಬರು ಅವನ ಕುಲವನ್ನು ಕೇಳಲಿಲ್ಲ, ಎಂಟು ವರ್ಷಗಳನ್ನು ಕೇಳಿದರು. ಹರೆಯ ಬರುತ್ತಲೇ ಅವನ ದನಿ ಒಡೆಯಿತು. ಇಂಪಾಗಿದ್ದ ಕಂಠ ಒರಟಾಯಿತು. ಹುಟ್ಟಿನೊಡನೆ ಬಂದಿದ್ದ ಸೊತ್ತೂ ಹೀಗೆ ಕೈಬಿಟ್ಟಿತು. ಗುರುಗಳು ಅವನನ್ನು ಬಿಡಲಿಲ್ಲ. ಹಲವು ರಾಗಗಳಿಗೆ ಕೈಹಾಕದೆ, ಕೆಲವನ್ನೇ ಹಿಡಿದು, ಒಂದೊಂದು ಸ್ವರವನ್ನೂ ಮತ್ತೆ ಮತ್ತೆ ತಿದ್ದಿಸಿದರು. ಮುಂದೆ ಹೆಸರಾಂತ ಗಾಯಕರಾದ ಮೇಲೂ ರಾಮಚಂದ್ರರಾಯರ ಕಂಠ ಕಚೇರಿಯ ಮೊದಲಲ್ಲಿ ಬೇಗನೆ ಹದಕ್ಕೆ ಬರುತ್ತಿರಲಿಲ್ಲ. ಹದಗೊಂಡ ಬಳಿಕ ಶ್ರೋತೃಗಳಿಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ.

ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಹಾಡಿದ ಅವರಿಗೆ 'ಸವಾಯಿ ಗಂಧರ್ವ'ರೆಂಬ ಬಿರುದು ಬಂದಿತು. ಸವಾಯಿ ಎಂದರೆ ಒಂದೂಕಾಲು ಪಾಲು, ಮಿಗಿಲಾದುದು.

ಅವರು ವಿದ್ಯೆಯನ್ನು ಮನೆಯೊಳಗೆ ಕಟ್ಟಿಡಲಿಲ್ಲ. ಗದುಗಿನ ಶಾಲಾ ಉಪಾಧ್ಯಾಯರ ಮಗ ಭೀಮಸೇನ ಜೋಶಿ, ಮುಂಬಯಿಯ ಪಾರಸಿ ಯುವಕ ಫಿರೋಜ್ ದಸ್ತೂರ್ ಅವರಲ್ಲಿ ಕಲಿತರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರೇನೋ ಗಾಯಕಿಯೇ. ಆದರೆ ಅವರದು ಕರ್ನಾಟಕ ಸಂಗೀತ. ಮಗಳ ಹಿಂದುಸ್ತಾನಿ ಕಲಿಕೆಗೆ ಅಡ್ಡಿಯಾದೀತೆಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು. ರಕ್ತದ ವಾದದವರು ಆ ತ್ಯಾಗವನ್ನು ಯಾವ ಲೆಕ್ಕದಲ್ಲಿ ಬರೆದುಕೊಳ್ಳುವರೋ!

1942ರಲ್ಲಿ ಪಾರ್ಶ್ವವಾಯು ತಗುಲಿ ಸವಾಯಿ ಗಂಧರ್ವರ ಗಾಯನ ನಿಂತಿತು. 1952ರ ಸೆಪ್ಟೆಂಬರ್ 12ರಂದು ಅವರು ಪುಣೆಯಲ್ಲಿ ತೀರಿಕೊಂಡರು. ಅದಕ್ಕೆ ಮುನ್ನ, ಅವರು ಕುಂದಗೋಳದಲ್ಲಿದ್ದ ದಿನಗಳಲ್ಲಿ, ಭೀಮಸೇನರು ಗುರುಗಳ ಮನೆಗೆ ನೀರು ಹೊರುತ್ತಿದ್ದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಗುರುಗಳು ಚಿಕ್ಕದೊಂದು ಸ್ವರಗುಚ್ಛವನ್ನು ಹೇಳಿಕೊಡುತ್ತಿದ್ದರು. ಅದು ಸರಿಹೋಗುವ ತನಕ ಮುಂದಿನ ಪಾಠವಿರುತ್ತಿರಲಿಲ್ಲ.